ನನ್ನ ಕಥೆಯ ಹಡಗಿಗೆ ‘ಕಣಜ’ ಅನ್ನೋ ಕ್ಷಿಪಣಿ: ಲೆಕ್ಕ ಸರಿ ಇದೆಯಾ ನೋಡಿ

ಸಕಲೇಶಪುರದ ಮಳೆ

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಇಲ್ಲಿ ಬಿಟ್ಟೂ ಬಿಡದೆ ಮಳೆ. ತೋಟದಲ್ಲಿ ಕೆಲಸ ನಿಂತಿದೆ. ಹಾಗಾಗಿ ಅರ್ಧಕ್ಕೆ ಬಿಟ್ಟಿದ್ದ ಕಥೆಯನ್ನು ಮತ್ತೆ ಕೈಗೆತ್ತಿಕೊಂಡಿದ್ದೇನೆ.

ಕಥೆ ಇಷ್ಟು. ‘ಹೇಮಾವತಿ’ ಒಂದು ಸರಕು ಹಡಗು. ಯುದ್ಧದ ಹಡಗಲ್ಲ. ಶನಿಯ ಉಂಗುರದಿಂದ ಮಂಜುಗಡ್ಡೆ ತುಂಬಿಕೊಂಡು ಮಂಗಳದ ಕಡೆ ಬರುತ್ತಿದೆ. 200 ಮೀಟರ್ ಉದ್ದ, 40 ಮೀಟರ್ ಅಗಲ, ಒಳಗೆ 31 ಜನ. ದಾರಿಯಲ್ಲಿ ದರೋಡೆಕೋರರು ಕ್ಷಿಪಣಿ ಬಿಡುತ್ತಾರೆ. ತಡೆಯಲು ಹಡಗಿನಲ್ಲಿ ಇರುವುದು ಒಂದೇ ಆಯುಧ. ಅದಕ್ಕೆ ‘ಕಣಜ’ ಅಂತ ಹೆಸರಿಟ್ಟಿದ್ದೇನೆ.

ಹಡಗಿನ ಹೊಟ್ಟೆಯಲ್ಲಿ 24 ಕೊಳವೆ. ಒಂದೊಂದರಲ್ಲೂ ಒಂದು ಕ್ಷಿಪಣಿ. ಹೊರಗೆ ಹೋಗಿ ಅದು ಬಾಯಿ ಬಿಟ್ಟರೆ ಆರು ಸಣ್ಣ ‘ಹುಳ’ಗಳು ಹಾರುತ್ತವೆ. ಎದುರು ಬರುತ್ತಿರುವ ಕ್ಷಿಪಣಿಯನ್ನು ಮುತ್ತಿಕೊಂಡು ಸಿಡಿಯುತ್ತವೆ. ಹಡಗಿನಿಂದ 10 ಕಿ.ಮೀ. ದೂರದಲ್ಲಿ ದೊಡ್ಡ ಸ್ಫೋಟ. ಅದರ ಅಲೆ ಬಡಿದು ಹಡಗು ಅಲುಗಾಡುತ್ತದೆ, ಅಡುಗೆಮನೆಯಲ್ಲಿ ಲೋಟಗಳು ಉರುಳುತ್ತವೆ, ಎಲ್ಲರೂ ಉಸಿರು ಬಿಡುತ್ತಾರೆ. ಎದುರಾಳಿಯ ಕ್ಷಿಪಣಿ ಬರುವ ವೇಗ ಸೆಕೆಂಡಿಗೆ 20 ಕಿ.ಮೀ. ಅಂತ ಇಟ್ಟುಕೊಂಡಿದ್ದೇನೆ.

ಓದಲು ರೋಮಾಂಚನ ಆಗುತ್ತದೆ ಅಂತ ನನ್ನ ಅನಿಸಿಕೆ. ವಿಜ್ಞಾನ ಎಲ್ಲಿ ಎಡವಿದೆ ಹೇಳಿ.

ಮೂಡಿಗೆರೆ ಮೆಣಸು

ಹೆಸರು ಸಖತ್. ಕಣಜದ ಹುಳದ ಗೂಡಿಗೆ ಕಲ್ಲು ಹೊಡೆದು ಓಡಿದವರಿಗೆ ಗೊತ್ತು ಅದರ ಮಹಿಮೆ. ನಾನು ಆರನೇ ಕ್ಲಾಸಲ್ಲಿ ಹೊಡೆಸಿಕೊಂಡಿದ್ದೇನೆ, ಮೂರು ದಿನ ಒಂದು ಕಣ್ಣು ತೆರೆಯಲಿಲ್ಲ.

ಒಂದೇ ಡೌಟು ಮಾರಾಯ್ರೆ. ದರೋಡೆಕೋರರು ಹಡಗನ್ನೇ ಪುಡಿ ಮಾಡಿದರೆ ಅವರಿಗೆ ಸಿಗುವುದಾದರೂ ಏನು? ಮಂಜುಗಡ್ಡೆ ಚೂರಾ?

ಸಕಲೇಶಪುರದ ಮಳೆ

ಹ್ಹ ಹ್ಹ. ಇಲ್ಲ, ಅವರು ಗುರಿ ಇಡುವುದು ಹಿಂದಿನ ಎಂಜಿನ್‌ಗೆ ಮಾತ್ರ. ಎಂಜಿನ್ ಹೋದರೆ ಹಡಗು ತೇಲುತ್ತಾ ಹೋಗುತ್ತದೆ. ಆಮೇಲೆ ನಿಧಾನಕ್ಕೆ ಬಂದು ಸರಕು ಎತ್ತಿಕೊಳ್ಳಬಹುದು.

ಹಾಸನದ ಫಿಸಿಕ್ಸ್ ಮೇಷ್ಟ್ರು

ಕಥೆ ಚೆನ್ನಾಗಿದೆ. ಲೋಟ ಮಾತ್ರ ಉರುಳುವುದಿಲ್ಲ.

ನೆಲದ ಮೇಲೆ ಬಾಂಬ್ ಸಿಡಿದಾಗ ನಮ್ಮನ್ನು ತಳ್ಳುವುದು ಗಾಳಿ. ಅಲ್ಲಿ ಗಾಳಿಯೇ ಇಲ್ಲ. ಅಲೆ ಬರಲು ದಾರಿ ಇಲ್ಲ. ಸಿಡಿದದ್ದರ ಅನಿಲ ಹರಡಿ ತೆಳುವಾಗಿ ಹೋಗುತ್ತದೆ. 10 ಕಿ.ಮೀ. ಆಚೆ ಸಿಡಿದರೆ ಹಡಗಿನೊಳಗಿನವರಿಗೆ ಒಂದು ಬೆಳಕು ಕಾಣಬಹುದು, ಅಷ್ಟೇ.

ಅದು ಸಣ್ಣ ತಪ್ಪು. ದೊಡ್ಡದು ಬೇರೆ ಇದೆ. ಕ್ಷಿಪಣಿಯನ್ನು ಒಡೆದಿರಿ ಅಂತ ಇಟ್ಟುಕೊಳ್ಳಿ. ಚೂರು ಎಲ್ಲಿ ಹೋಯಿತು? ನೆಲದ ಮೇಲಾದರೆ ಗಾಳಿ ತಡೆಯುತ್ತದೆ, ಕೆಳಗೆ ಬೀಳುತ್ತದೆ. ಅಲ್ಲಿ ತಡೆಯಲು ಯಾರೂ ಇಲ್ಲ. ಒಡೆದ ಕ್ಷಿಪಣಿ ಅದೇ 20 ಕಿ.ಮೀ. ವೇಗದಲ್ಲಿ ಅದೇ ದಿಕ್ಕಿನಲ್ಲಿ ಬರುತ್ತಲೇ ಇರುತ್ತದೆ. ಮೊದಲು ಇಡಿಯಾಗಿ ಬರುತ್ತಿತ್ತು, ಈಗ ಪುಡಿಯಾಗಿ ಬರುತ್ತದೆ.

ಲೆಕ್ಕ ನೋಡಿ. ಒಡೆದ ಚೂರು ಪಕ್ಕಕ್ಕೆ ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹರಡುತ್ತದೆ ಅನ್ನೋಣ. 10 ಕಿ.ಮೀ. ದೂರ ಅಂದರೆ ನಿಮಗೆ ಸಿಗುವುದು ಅರ್ಧ ಸೆಕೆಂಡ್. ಅಷ್ಟರಲ್ಲಿ ಚೂರುಗಳು ಹರಡುವುದು 50 ಮೀಟರ್. ನಿಮ್ಮ 200 ಮೀಟರ್ ಉದ್ದದ, 40 ಮೀಟರ್ ಅಗಲದ ಹಡಗು ಅಡ್ಡಕ್ಕೆ ನಿಂತಿದ್ದರೆ ಸುಮಾರು ಅರ್ಧದಷ್ಟು ಚೂರು ಬಂದು ಬಡಿಯುತ್ತವೆ.

ಬಡಿತ ಎಷ್ಟು? ಸೆಕೆಂಡಿಗೆ 3 ಕಿ.ಮೀ. ವೇಗದಲ್ಲಿ ಬರುವ ಯಾವ ವಸ್ತುವಾದರೂ ಹೆಚ್ಚುಕಡಿಮೆ ತನ್ನ ತೂಕದಷ್ಟೇ ಟಿ.ಎನ್.ಟಿ. ಸಿಡಿಮದ್ದು ಇದ್ದ ಹಾಗೆ. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. 20 ಕಿ.ಮೀ. ಅಂದರೆ ತೂಕದ ನಲವತ್ತೇಳು, ನಲವತ್ತೆಂಟು ಪಟ್ಟು. ಒಂದು ನಟ್ಟು ಬಂದು ಬಡಿದರೂ ಗ್ರೆನೇಡ್ ಲೆಕ್ಕ.

ಸಕಲೇಶಪುರದ ಮಳೆ

ಮೇಷ್ಟ್ರೇ, ಹಾಗಾದರೆ ಇನ್ನೂ ದೂರದಲ್ಲೇ ಹೊಡೆಯಬೇಕಾ? ಕೊನೇ ಕ್ಷಣದಲ್ಲಿ ತಪ್ಪಿಸಿಕೊಂಡರೇ ಅಲ್ವಾ ಮಜಾ? ದೂರ ಎಲ್ಲೋ ಚುಕ್ಕಿ ಆರಿಹೋಯಿತು ಅಂದರೆ ಓದುವವರು ಮೊಬೈಲ್ ತಿರುಗಿಸುತ್ತಾ ಮಲಗುತ್ತಾರೆ.

ಹಾಸನದ ಫಿಸಿಕ್ಸ್ ಮೇಷ್ಟ್ರು

ಮಜಾ ನಿಮ್ಮ ಕೆಲಸ. ನಾನು ಲೆಕ್ಕ ಹೇಳಿದೆ.

2,000 ಕಿ.ಮೀ. ದೂರದಲ್ಲಿ ಹೊಡೆಯಿರಿ. ಚೂರು ಬರಲು 100 ಸೆಕೆಂಡ್ ಬೇಕು. ಅಷ್ಟರಲ್ಲಿ ಅವು 10 ಕಿ.ಮೀ.ವರೆಗೆ ಹರಡಿರುತ್ತವೆ. ಆ ವಿಸ್ತಾರದಲ್ಲಿ ನಿಮ್ಮ ಹಡಗು ಯಾವ ಮೂಲೆಗೆ? ನಲವತ್ತು ಸಾವಿರ ಚೂರಿನಲ್ಲಿ ಒಂದು ತಗಲಬಹುದು. ಮೇಲಾಗಿ ಹಡಗು ಪಕ್ಕಕ್ಕೆ ಸರಿಯಲು ಪುರುಸೊತ್ತು ಸಿಗುತ್ತದೆ. ಭೂಮಿಯ ಗುರುತ್ವದ ಹತ್ತರಲ್ಲಿ ಒಂದು ಪಾಲು ವೇಗೋತ್ಕರ್ಷ ಇದ್ದರೂ 100 ಸೆಕೆಂಡಿನಲ್ಲಿ ಸುಮಾರು 5 ಕಿ.ಮೀ. ಸರಿಯುತ್ತದೆ. ಅದೇ ಅರ್ಧ ಸೆಕೆಂಡಿನಲ್ಲಿ? ಅರ್ಧ ಗೇಣು.

ಪಲ್ಪರ್ ಮನೆ

ಅರ್ಧ ಗೇಣು! ನಮ್ಮ ಘಾಟಿಯಲ್ಲಿ ಲಾರಿಗೆ ಸೈಡ್ ಕೊಡುವಾಗ ಅದೇ ಜಾಸ್ತಿ.

ಸಾಲಗಾಮೆ ರೋಡು

ನಾನು ಎಲೆಕ್ಟ್ರಾನಿಕ್ಸ್ ಓದಿದವನು. ಮೇಷ್ಟ್ರು ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಆ ಹುಳದೊಳಗೆ ಸಿಡಿಮದ್ದು ಯಾಕೆ ಬೇಕು? ಬರುವವನ ವೇಗ 20. ನಿಮ್ಮ ಹುಳದ ವೇಗ 6 ಅಂತ ಇಟ್ಟುಕೊಳ್ಳಿ. ಎದುರುಬದುರು 26 ಕಿ.ಮೀ. ಆಯಿತು. ಒಂದು ಕೆ.ಜಿ. ಹುಳ ಸುಮ್ನೆ ಅಡ್ಡ ನಿಂತರೂ 80 ಕೆ.ಜಿ. ಟಿ.ಎನ್.ಟಿ. ಕೆಲಸ ಮಾಡುತ್ತದೆ. ಮದ್ದು ತುಂಬಿದರೆ ಸುಮ್ನೆ ತೂಕ. ಆ ತೂಕವನ್ನು ಕಣ್ಣಿಗೆ ಕೊಡಿ, ಸ್ಟೀರಿಂಗಿಗೆ ಕೊಡಿ.

ನಿಜ ಜೀವನದಲ್ಲೂ ಹೀಗೇ ಮಾಡಿದ್ದಾರೆ. 2019ರ ಮಾರ್ಚ್ 27ರಂದು ನಮ್ಮವರು ಮಿಷನ್ ಶಕ್ತಿಯಲ್ಲಿ ನಮ್ಮದೇ ಉಪಗ್ರಹವನ್ನು ಹೊಡೆದರಲ್ಲ, ಅದರಲ್ಲೂ ಸಿಡಿತಲೆ ಅಲ್ಲ, ನೇರ ಡಿಕ್ಕಿ.

ಇನ್ನು ಗುರಿ ಹಿಡಿಯುವುದು ಹೇಗೆ ಅಂತ ನೀವು ಬರೆದಿಲ್ಲ. ಸುಲಭವಾಗಿ ಹೇಳಬಹುದು. ಹಾಸನದ ಬಿ.ಎಂ. ರಸ್ತೆಗೆ ನೀವು ಅಡ್ಡರಸ್ತೆಯಿಂದ ಬೈಕಲ್ಲಿ ಬರ್ತಾ ಇದ್ದೀರಿ. ಎಡಗಡೆಯಿಂದ ಬಸ್ಸು. ಬಸ್ಸು ನಿಮ್ಮ ಕಣ್ಣಿಗೆ ಮುಂದೆ ಮುಂದೆ ಸರಿಯುತ್ತಿದ್ದರೆ ಅದು ದಾಟಿ ಹೋಗುತ್ತದೆ. ಹಿಂದೆ ಸರಿಯುತ್ತಿದ್ದರೆ ನೀವು ದಾಟುತ್ತೀರಿ. ಒಂದೇ ಜಾಗದಲ್ಲಿ ನಿಂತು ದೊಡ್ಡದಾಗುತ್ತಾ ಬಂದರೆ ದೇವರೇ ಗತಿ. ಕ್ಷಿಪಣಿಗೆ ಬೇಕಾಗಿರುವುದು ಆ ಮೂರನೆಯದೇ. ಗುರಿ ಕಣ್ಣಲ್ಲಿ ಒಂದೇ ಕೋನದಲ್ಲಿ ನಿಲ್ಲುವ ಹಾಗೆ ತನ್ನ ದಾರಿ ತಿದ್ದಿಕೊಳ್ಳುತ್ತಾ ಹೋಗುತ್ತದೆ. ಬಾಲ್ ಎಲ್ಲಿ ಬೀಳುತ್ತೆ ಅಂತ ಫೀಲ್ಡರ್ ಕಾಗದದಲ್ಲಿ ಲೆಕ್ಕ ಹಾಕುವುದಿಲ್ಲ, ಅಲ್ವಾ?

ಆ ಕಣ್ಣು ಹುಳದಲ್ಲೇ ಇರಬೇಕು. ಹಡಗಿನಿಂದ ರಿಮೋಟಲ್ಲಿ ಓಡಿಸುತ್ತೇನೆ ಅಂದರೆ ಆಗಲ್ಲ. 2,000 ಕಿ.ಮೀ.ಗೆ ರೇಡಿಯೋ ಹೋಗಿ ಬರಲು 0.013 ಸೆಕೆಂಡ್. ಏನೂ ಅಲ್ಲ ಅನಿಸುತ್ತದೆ. ಅಷ್ಟರಲ್ಲಿ ಎರಡೂ 350 ಮೀಟರ್ ಹತ್ತಿರ ಬಂದಿರುತ್ತವೆ. ಗುರಿ ಇರುವುದು ಒಂದು ಮೀಟರ್ ಅಗಲ.

ಎಂ.ಜಿ. ರೋಡ್ ಫಿಲ್ಟರ್

ಚಿಕ್ಕಮಗಳೂರಿನಿಂದ ಒಂದು ದಡ್ಡ ಪ್ರಶ್ನೆ. ಇಷ್ಟೆಲ್ಲಾ ತಲೆನೋವು ಯಾಕೆ? ಲೇಸರ್ ಬಿಡಿ. ಬೆಳಕಿಗಿಂತ ಬೇಗ ಯಾವುದು ಬರುತ್ತೆ? ಕ್ಷಿಪಣಿ ಖಾಲಿ ಆಗುತ್ತೆ, ಲೇಸರ್ ಖಾಲಿ ಆಗುತ್ತಾ?

ಹಾಸನದ ಫಿಸಿಕ್ಸ್ ಮೇಷ್ಟ್ರು

ದಡ್ಡ ಪ್ರಶ್ನೆ ಅಲ್ಲ. ಒಳ್ಳೆಯ ಪ್ರಶ್ನೆ. ಲೇಸರ್ ಗೆರೆ ಎಳೆದ ಹಾಗೆ ಕೊನೆಯವರೆಗೂ ಸಣ್ಣಗೇ ಹೋಗುತ್ತದೆ ಅನ್ನುವುದು ಸಿನಿಮಾ. ಒಂದು ಮೀಟರ್ ಅಗಲದ ಕನ್ನಡಿಯಿಂದ ಬಿಟ್ಟ ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ತರಂಗದ ಬೆಳಕು 1,000 ಕಿ.ಮೀ. ಹೋಗುವಷ್ಟರಲ್ಲಿ ಎರಡೂಕಾಲು, ಎರಡೂವರೆ ಮೀಟರ್ ಅಗಲ ಆಗಿರುತ್ತದೆ. 10,000 ಕಿ.ಮೀ.ನಲ್ಲಿ 24 ಮೀಟರ್. ಅಷ್ಟಗಲ ಹರಡಿದ ಮೇಲೆ ಅದು ಬಿಸಿಲು ಕಾಯಿಸಿದ ಹಾಗೆ.

ಇನ್ನು ಬಿಸಿ. ಒಂದು ಮೆಗಾವಾಟ್ ಲೇಸರ್ ಹೊರಗೆ ಹೋಗಬೇಕಾದರೆ ಒಳಗೆ ಎರಡು ಮೆಗಾವಾಟ್ ಬಿಸಿಯಾಗಿ ಉಳಿಯುತ್ತದೆ ಅನ್ನೋಣ. ಅದನ್ನು ಎಲ್ಲಿಗೆ ಬಿಡುತ್ತೀರಿ? ಗಾಳಿ ಇಲ್ಲ, ನೀರಿಲ್ಲ. ಶಾಖ ಬೆಳಕಿನ ಹಾಗೆ ಸೂಸಿ ಹೋಗಬೇಕು. 27 ಡಿಗ್ರಿಯಲ್ಲಿರುವ ಒಂದು ಚದರ ಮೀಟರ್ ತಗಡು ಹೆಚ್ಚೆಂದರೆ 460 ವಾಟ್ ಸೂಸುತ್ತದೆ. ಎರಡು ಮೆಗಾವಾಟಿಗೆ ಒಂದು ಎಕರೆಗೂ ಜಾಸ್ತಿ ತಗಡು ಬೇಕು.

ಪಲ್ಪರ್ ಮನೆ

ಹಡಗಿನ ಹಿಂದೆ ಒಂದೆಕರೆ ಕಾಫಿ ಕಣ ಕಟ್ಟಿಕೊಂಡು ಹೋಗಬೇಕು ಅನ್ನಿ.

ಹಾಸನದ ಫಿಸಿಕ್ಸ್ ಮೇಷ್ಟ್ರು

ತಗಡಿನ ಎರಡೂ ಬದಿ ಸೂಸಿದರೆ ಅರ್ಧ ಎಕರೆ ಸಾಕು. ಇನ್ನೂ ಬಿಸಿಯಾಗಿ ಇಟ್ಟರೆ ಇನ್ನೂ ಚಿಕ್ಕದಾಗುತ್ತದೆ, ಕೆಲ್ವಿನ್ ಲೆಕ್ಕದಲ್ಲಿ ಉಷ್ಣತೆ ಎರಡು ಪಟ್ಟಾದರೆ ಸೂಸುವುದು ಹದಿನಾರು ಪಟ್ಟು. ಲೇಸರ್ ಆಗಲ್ಲ ಅಂತ ನಾನು ಹೇಳುತ್ತಿಲ್ಲ. ಬಡ ಸರಕು ಹಡಗಿಗೆ ಅದು ಹೊಂದುವುದಿಲ್ಲ, ಅಷ್ಟೇ.

ಗೊರೂರು ಹಿನ್ನೀರು

ಯಾರೂ ಇನ್ನೂ ಟಿಪ್ಪುವಿನ ರಾಕೆಟ್ ತೆಗೆದಿಲ್ಲ. ಆಶ್ಚರ್ಯ.

ಮೂಡಿಗೆರೆ ಮೆಣಸು

ಈಗ ನೀವೇ ತೆಗೆದಿರಿ, ಬಿಡಿ.

ಸಾಲಗಾಮೆ ರೋಡು

ಮೇಷ್ಟ್ರ 2,000 ಕಿ.ಮೀ. ಇಟ್ಟುಕೊಂಡು ರಾತ್ರಿ ಕೂತು ಲೆಕ್ಕ ಮಾಡಿದೆ. ಕಥೆಗಾರರು ‘ಮಜಾ ಹೋಯಿತು’ ಅಂದರಲ್ಲ, ನನಗೆ ಉಲ್ಟಾ ಕಾಣುತ್ತಿದೆ.

ಕಣಜದ ವೇಗ 6 ಕಿ.ಮೀ. 2,000 ಕಿ.ಮೀ. ಮುಟ್ಟಲು 333 ಸೆಕೆಂಡ್, ಅಂದರೆ ಐದೂವರೆ ನಿಮಿಷ. ಎದುರಾಳಿ ಆಗ ಅಲ್ಲಿಗೆ ಬಂದಿರಬೇಕು ಅಂದರೆ ನೀವು ಬಿಡುವಾಗ ಅವನು ಸುಮಾರು 8,700 ಕಿ.ಮೀ. ದೂರದಲ್ಲಿರುತ್ತಾನೆ. ಬಿಟ್ಟಿರಿ. ಐದೂವರೆ ನಿಮಿಷ ಏನೂ ಮಾಡುವಂತಿಲ್ಲ. ಕಾಯಬೇಕು. ತಗುಲಿತೋ ಇಲ್ಲವೋ ನೋಡಬೇಕು. ತಗುಲಲಿಲ್ಲ ಅಂದರೆ ಎರಡನೆಯದು ಬಿಡಿ. ಅದು ಅವನನ್ನು ಸೇರುವುದು 77 ಸೆಕೆಂಡ್ ಆದ ಮೇಲೆ, ಹಡಗಿನಿಂದ ಸುಮಾರು 460 ಕಿ.ಮೀ. ದೂರದಲ್ಲಿ. ಅದೂ ತಪ್ಪಿದರೆ ಮೂರನೆಯದು. ಅದು ಸೇರುವುದು ಹದಿನೆಂಟು ಸೆಕೆಂಡಿನಲ್ಲಿ, ನೂರು ಕಿ.ಮೀ. ಚಿಲ್ಲರೆ ದೂರದಲ್ಲಿ. ಆಮೇಲೆ ಚೂರಿಗೂ ಇಡಿಗೂ ವ್ಯತ್ಯಾಸ ಇಲ್ಲ.

ಐದೂವರೆ ನಿಮಿಷ, ಸವಾ ನಿಮಿಷ, ಹದಿನೆಂಟು ಸೆಕೆಂಡ್. ಮೂರೇ ಅವಕಾಶ. ಇದಕ್ಕಿಂತ ಮಜಾ ಏನು ಬೇಕು ಗುರು?

(ರಾಕೆಟ್ ಹೊರಟ ಕೂಡಲೇ ಪೂರ್ತಿ ವೇಗ ಬಂತು ಅಂತ ಹಿಡಿದಿದ್ದೇನೆ. ಪೂರ್ತಿ ನಿಜ ಅಲ್ಲ. ಆದರೆ 1970ರ ದಶಕದ ಅಮೆರಿಕದ ಸ್ಪ್ರಿಂಟ್ ಅನ್ನುವ ತಡೆ ಕ್ಷಿಪಣಿ ಗುರುತ್ವದ ನೂರು ಪಟ್ಟು ವೇಗೋತ್ಕರ್ಷದಲ್ಲಿ ಐದು ಸೆಕೆಂಡಿನೊಳಗೆ ಶಬ್ದದ ಹತ್ತು ಪಟ್ಟು ವೇಗ ಮುಟ್ಟುತ್ತಿತ್ತು. ಹಾಗಾಗಿ ತೀರಾ ಗಾಳಿಮಾತಲ್ಲ.)

ಸಕಲೇಶಪುರದ ಮಳೆ

ಇದನ್ನು ಓದಿ ಹತ್ತು ನಿಮಿಷ ಸುಮ್ಮನೆ ಕೂತಿದ್ದೆ. ಕಾಯುವುದೇ ಕಥೆ. ನಾನು ಸ್ಫೋಟ ಬರೆಯುತ್ತಿದ್ದೆ.

ಆದರೆ ಇಂಧನ? 6 ಕಿ.ಮೀ. ವೇಗ ಅಂದರೆ ಕ್ಷಿಪಣಿ ಎಷ್ಟು ದೊಡ್ಡದಿರಬೇಕು?

ಹಾಸನದ ಫಿಸಿಕ್ಸ್ ಮೇಷ್ಟ್ರು

ಘನ ಇಂಧನದ ಹೊಗೆ ಸೆಕೆಂಡಿಗೆ ಸುಮಾರು 2.6 ಕಿ.ಮೀ. ವೇಗದಲ್ಲಿ ಹೊರಬರುತ್ತದೆ ಅನ್ನೋಣ. ರಾಕೆಟ್ ಸಮೀಕರಣದ ಪ್ರಕಾರ 6 ಕಿ.ಮೀ. ಬೇಕಾದರೆ ಹೊರಡುವಾಗಿನ ತೂಕ ಕೊನೆಗೆ ಉಳಿಯುವ ತೂಕದ ಹತ್ತರಷ್ಟಿರಬೇಕು. ನೂರು ಕೆ.ಜಿ.ಯಲ್ಲಿ ತೊಂಬತ್ತು ಇಂಧನ. ಉಳಿದ ಹತ್ತರಲ್ಲಿ ಖೋಲು, ಕಣ್ಣು, ನಿಮ್ಮ ಆರು ಹುಳ ಎಲ್ಲ. 24ಕ್ಕಿಂತ ಜಾಸ್ತಿ ತುಂಬಿಸಲು ಹೋಗಬೇಡಿ. ಸರಕು ಹಡಗಿನ ಮಾಲೀಕ ಕ್ಷಿಪಣಿ ಹೊರುವ ಜಾಗದಲ್ಲಿ ಮಂಜುಗಡ್ಡೆ ಹೊರಬಹುದಿತ್ತು ಅಂತಲೇ ಲೆಕ್ಕ ಹಾಕುತ್ತಾನೆ.

ಕಳಸದ ಕಡೆಯವಳು

ನಾನು ಸಾಮಾನ್ಯವಾಗಿ ಓದಿ ಹೋಗುವವಳು. ಇವತ್ತು ಒಂದು ಹೇಳಬೇಕು ಅನಿಸಿತು.

ಎದುರಾಳಿ ದಡ್ಡನಲ್ಲ. ನಾಲ್ಕು ನಿಜವಾದ ಕ್ಷಿಪಣಿ ಜೊತೆಗೆ ಹತ್ತು ಬಲೂನು ಬಿಡುತ್ತಾನೆ. ಗಾಳಿ ಇದ್ದಿದ್ದರೆ ಬಲೂನು ಹಿಂದೆ ಬೀಳುತ್ತಿತ್ತು. ಅಲ್ಲಿ ಬೀಳುವುದಿಲ್ಲ. 1971ರಲ್ಲಿ ಅಪೋಲೊ 15ರವರು ಚಂದ್ರನ ಮೇಲೆ ಸುತ್ತಿಗೆ, ಗರಿ ಎರಡನ್ನೂ ಒಟ್ಟಿಗೆ ಬಿಟ್ಟು ತೋರಿಸಿದರಲ್ಲ, ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಹಾಗೇ ಇಲ್ಲೂ ಬಲೂನು ಮತ್ತು ಕ್ಷಿಪಣಿ ಜೊತೆಜೊತೆಯಾಗಿ ಬರುತ್ತವೆ. ನಿಮ್ಮ 24 ಕಣಜ ಬಲೂನು ಒಡೆಯುವುದರಲ್ಲೇ ಮುಗಿದುಹೋಗುತ್ತದೆ.

ಬೇರೆ ಮಾಡಲು ಒಂದು ಉಪಾಯ ಇದೆ. ನಮ್ಮ ಬಚ್ಚಲು ಮನೆಯ ಹಂಡೆ ನೆನಪು ಮಾಡಿಕೊಳ್ಳಿ. ನೀರು ತುಂಬಿದ ಹಂಡೆ ರಾತ್ರಿ ಒಲೆ ಆರಿಸಿದರೂ ಬೆಳಿಗ್ಗೆ ಮೈ ಬೆಚ್ಚಗಿರುತ್ತದೆ. ಖಾಲಿ ಹಂಡೆ ಅರ್ಧ ಗಂಟೆಯಲ್ಲಿ ತಣ್ಣಗೆ. ಬಲೂನು ಖಾಲಿ ಹಂಡೆ. ಕ್ಷಿಪಣಿ ತುಂಬಿದ ಹಂಡೆ. ನೆರಳಿಗೆ ಬಂದಾಗ ಯಾವುದು ಬೇಗ ಆರುತ್ತದೆ ಅಂತ ಶಾಖದ ಕ್ಯಾಮೆರಾದಲ್ಲಿ ನೋಡುತ್ತಾ ಕೂತರೆ ಗೊತ್ತಾಗುತ್ತದೆ. ನೆರಳು ಇಲ್ಲದ ಕಡೆ ಸಣ್ಣ ಲೇಸರಿನಿಂದ ಸ್ವಲ್ಪ ಕಾಯಿಸಿ ಬಿಟ್ಟು ನೋಡಬಹುದು. ಎಂ.ಜಿ. ರೋಡಿನವರ ಲೇಸರಿಗೂ ಒಂದು ಕೆಲಸ ಸಿಕ್ಕಿತು.

ಎಂ.ಜಿ. ರೋಡ್ ಫಿಲ್ಟರ್

ಧನ್ಯವಾದ ಅಕ್ಕ. ಮರ್ಯಾದೆ ಉಳಿಸಿದಿರಿ.

ಹಾಸನದ ಫಿಸಿಕ್ಸ್ ಮೇಷ್ಟ್ರು

ಹಂಡೆಯ ಉದಾಹರಣೆ ನಾಳೆ ಕ್ಲಾಸಲ್ಲಿ ನಾನು ಹೇಳುತ್ತೇನೆ. ಒಂದು ತಿದ್ದುಪಡಿ: ಜಾಣ ಎದುರಾಳಿ ಬಲೂನಿನೊಳಗೆ ಸಣ್ಣ ಹೀಟರ್ ಇಡುತ್ತಾನೆ.

ಕಳಸದ ಕಡೆಯವಳು

ಇಡಲಿ. ಹೀಟರಿಗೆ ಬ್ಯಾಟರಿ ಬೇಕು. ಅಷ್ಟರಮಟ್ಟಿಗೆ ಅವನ ಕಣಜವೂ ಖಾಲಿಯಾಗುತ್ತದೆ.

ಆಲೂರು ಅಂಚಿನ ಮನೆ

ಇದರಲ್ಲಿ ನನಗೆ ಗೊತ್ತಿರುವುದು ಒಂದೇ ವಿಷಯ, ಆನೆ.

ನಮ್ಮ ತೋಟಕ್ಕೆ ಆನೆ ಬರುವುದು ಹೊಸದಲ್ಲ. ಶುರುವಿನಲ್ಲಿ ಕಂಡಕಂಡಾಗೆಲ್ಲ ಪಟಾಕಿ ಹೊಡೆಯುತ್ತಿದ್ದೆವು. ಎರಡು ಸಮಸ್ಯೆ ಆಯಿತು. ಒಂದು, ಇದು ಬರೀ ಸದ್ದು ಅಂತ ಆನೆಗೆ ಗೊತ್ತಾಯಿತು. ಇನ್ನೊಂದು, ನಿಜವಾಗಿ ಮನೆ ಹತ್ತಿರ ಬಂದ ರಾತ್ರಿ ಪಟಾಕಿ ಡಬ್ಬ ನೋಡಿದರೆ ಖಾಲಿ. ಆವತ್ತು ತಟ್ಟೆ ಬಡಿದುಕೊಂಡು ಕೂತಿದ್ದೆವು. ನಮ್ಮಪ್ಪ ಆಮೇಲೆ ಒಂದು ನಿಯಮ ಮಾಡಿದರು. ಆನೆ ಕಂಡರೆ ಮೊದಲು ಅದರ ಮುಖ ಯಾವ ಕಡೆ ಇದೆ ನೋಡು. ಕಾಡಿನ ಕಡೆ ಇದ್ದರೆ ಸುಮ್ಮನಿರು. ಕೆರೆಯ ಕಡೆ ಇದ್ದರೂ ಸುಮ್ಮನಿರು. ಮನೆಯ ಕಡೆ, ಲೈನ್ ಮನೆಗಳ ಕಡೆ ಇದ್ದರೆ ಮಾತ್ರ ಡಬ್ಬ ತೆಗೆ.

ನಿಮ್ಮ ಹಡಗಿನವರು ಎಲ್ಲದಕ್ಕೂ ಹೊಡೆಯುತ್ತಿದ್ದಾರೆ ಅನಿಸಿತು. ಕೆಲವು ಸುಮ್ನೆ ಪಕ್ಕದಲ್ಲಿ ಹೋಗುವುವು ಇರಲ್ವಾ?

ಸಾಲಗಾಮೆ ರೋಡು

ಅಣ್ಣ, ನಿಮ್ಮಪ್ಪ ಹೇಳಿದ್ದನ್ನೇ ಇಸ್ರೇಲಿನ ಐರನ್ ಡೋಮ್ ಮಾಡುತ್ತದೆ. 2011ರಿಂದ ಅದು ಬಳಕೆಯಲ್ಲಿದೆ. ಬರುವ ರಾಕೆಟ್ ಎಲ್ಲಿ ಬೀಳುತ್ತದೆ ಅಂತ ಮೊದಲು ಲೆಕ್ಕ ಹಾಕುತ್ತದೆ. ಖಾಲಿ ಬಯಲಿಗೆ ಬೀಳುವುದಾದರೆ ಬಿಟ್ಟುಬಿಡುತ್ತದೆ. ಜನ ಇರುವ ಕಡೆ ಬಂದರೆ ಮಾತ್ರ ಹೊಡೆಯುತ್ತದೆ.

ಹಡಗಿನ ವಿಷಯದಲ್ಲಿ ಒಂದು ವ್ಯತ್ಯಾಸ. ಪಕ್ಕದಲ್ಲಿ ಹೋಗುವ ಕ್ಷಿಪಣಿಯಲ್ಲಿ ಇಂಧನ ಉಳಿದಿದ್ದರೆ ಅದು ಮತ್ತೆ ತಿರುಗಬಹುದು. ಕಾಡಿನ ಕಡೆ ಮುಖ ಮಾಡಿದ ಆನೆಯೂ ತಿರುಗಬಹುದು, ಅಲ್ವಾ?

ಆಲೂರು ಅಂಚಿನ ಮನೆ

ತಿರುಗುತ್ತದೆ. ಅದಕ್ಕೇ ಒಬ್ಬರು ಮಲಗದೆ ನೋಡುತ್ತಾ ಕೂರುವುದು.

ಸಕಲೇಶಪುರದ ಮಳೆ

ಈಗ ಹೊಳೆಯಿತು ನೋಡಿ. ಕಣಜ ಅಂತ ಹುಳ ನೆನೆಸಿಕೊಂಡು ಹೆಸರಿಟ್ಟೆ. ನಮ್ಮ ಅಜ್ಜಿ ಕಣಜ ಅನ್ನುತ್ತಿದ್ದದ್ದು ಭತ್ತ ತುಂಬುವ ಕಣಜಕ್ಕೆ. ಮಳೆಗಾಲದಲ್ಲಿ ಅದರೊಳಗೆ ಕೈ ಇಳಿಸಿ ಇನ್ನೆಷ್ಟು ಮೊಳ ಇದೆ ಅಂತ ನೋಡುತ್ತಿದ್ದರು. ಹಡಗು ಮಂಗಳಕ್ಕೆ ಸೇರಲು ತಿಂಗಳುಗಟ್ಟಲೆ ಇದೆ. ನಡುವೆ ಅಂಗಡಿ ಇಲ್ಲ. ಇವತ್ತು ಹೊಡೆದದ್ದು ನಾಳೆಗೆ ಇಲ್ಲ. ನನ್ನ ನಾಯಕಿ ಗುರಿಕಾರಳಲ್ಲ, ಕಣಜಕ್ಕೆ ಕೈ ಇಳಿಸುವ ಅಜ್ಜಿ.

ಮೂಡಿಗೆರೆ ಮೆಣಸು

ಗದ್ಗದ ಆಗುವ ಮುಂಚೆ ಹೇಳಿ, ಕೊಳವೆಗಳು ಹಡಗಿನ ಯಾವ ಕಡೆ ಇವೆ? ಹೊಟ್ಟೆಯಲ್ಲಿ ಅಂದಿರಿ. ಕಳ್ಳರು ಬರುವುದು ಹಿಂದಿನಿಂದ. ಎಂಜಿನ್ ಉರಿಯುತ್ತಿದ್ದರೆ ಹಿಂದೆ ನೋಡುವ ಕ್ಯಾಮೆರಾಗೆ ಬರೀ ಬೆಂಕಿ.

ಸಕಲೇಶಪುರದ ಮಳೆ

ಇದಕ್ಕೆ ಉತ್ತರ ನಮ್ಮೂರಲ್ಲೇ ಇದೆ. ಮೊನ್ನೆ ಮಳೆ ಒಂದು ಗಂಟೆ ಬಿಟ್ಟಾಗ ಮಂಜರಾಬಾದ್ ಕೋಟೆಗೆ ಹೋಗಿ ಬಂದೆ. ದೋಣಿಗಲ್ ಹತ್ತಿರ ಹೆದ್ದಾರಿ ಬಿಟ್ಟು ಮೆಟ್ಟಿಲು ಹತ್ತಬೇಕು. ಚಿಕ್ಕವನಿದ್ದಾಗಿನಿಂದ ನೋಡಿದ್ದೇನೆ, ಆದರೆ ಅದು ಯಾಕೆ ನಕ್ಷತ್ರದ ಆಕಾರ ಅಂತ ಯೋಚನೆ ಮಾಡಿರಲಿಲ್ಲ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ್ದು, ಎಂಟು ಮೂಲೆ. (ಗೊರೂರಿನವರೇ, ರಾಕೆಟ್ ಅಲ್ಲ, ಕೋಟೆ.)

ಚೌಕದ ಕೋಟೆಯಾದರೆ ಗೋಡೆಯ ಬುಡಕ್ಕೆ ಬಂದು ನಿಂತವನು ಮೇಲಿನವರಿಗೆ ಕಾಣುವುದಿಲ್ಲ. ನಕ್ಷತ್ರದಲ್ಲಿ ಹಾಗಲ್ಲ. ಒಂದು ಮೂಲೆಯಲ್ಲಿ ನಿಂತವನಿಗೆ ಪಕ್ಕದ ಮೂಲೆಯ ಗೋಡೆ ಪೂರ್ತಿ ಕಾಣುತ್ತದೆ. ಯಾರೂ ತಮ್ಮ ಗೋಡೆ ಕಾಯುವುದಿಲ್ಲ, ಪಕ್ಕದವರ ಗೋಡೆ ಕಾಯುತ್ತಾರೆ. ನಾನು ಒಂದು ಮೂಲೆಯಲ್ಲಿ ನಿಂತು ನೋಡಿದೆ. ಎರಡು ನಿಮಿಷ ಎಲ್ಲ ಸ್ಪಷ್ಟ. ಆಮೇಲೆ ಮಂಜು ಬಂತು, ನನ್ನ ಕೈಯೇ ಕಾಣಲಿಲ್ಲ.

ಹಡಗಿಗೂ ಅದೇ ಮಾಡುತ್ತೇನೆ. ಎಂಟು ತೋಳು, ತೋಳಿಗೆ ಮೂರು ಕೊಳವೆ, ಒಟ್ಟು 24. ತೋಳು ಹೊರಗೆ ಚಾಚಿರುವುದರಿಂದ ತುದಿಯ ಕ್ಯಾಮೆರಾಗೆ ಎಂಜಿನ್ ಬೆಂಕಿಯ ಪಕ್ಕದಿಂದ ಹಿಂದೆ ಕಾಣುತ್ತದೆ.

ಹಾಸನದ ಫಿಸಿಕ್ಸ್ ಮೇಷ್ಟ್ರು

ಚೆನ್ನಾಗಿದೆ. ಒಂದು ಮಾತ್ರ ಮರೆಯಬೇಡಿ. ಮಂಗಳದ ಹತ್ತಿರ ಬಂದ ಮೇಲೆ ಕಣಜ ಬಿಡುವ ಹಾಗಿಲ್ಲ. 2007ರ ಜನವರಿಯಲ್ಲಿ ಚೀನಾ ತನ್ನ ಹಳೆಯ ಹವಾಮಾನ ಉಪಗ್ರಹವನ್ನು ಸುಮಾರು 865 ಕಿ.ಮೀ. ಎತ್ತರದಲ್ಲಿ ಒಡೆಯಿತು. ಮೂರು ಸಾವಿರಕ್ಕೂ ಜಾಸ್ತಿ ಚೂರುಗಳನ್ನು ಗುರುತಿಸಿದ್ದಾರೆ, ಎಷ್ಟೋ ಇನ್ನೂ ಸುತ್ತುತ್ತಿವೆ. ನಮ್ಮ 2019ರದ್ದು 300 ಕಿ.ಮೀ.ಗಿಂತ ಕೆಳಗೆ ಆದದ್ದರಿಂದ ಹೆಚ್ಚಿನ ಚೂರು ಬೇಗ ಬಿದ್ದು ಉರಿದುಹೋದವು. ಆದರೂ ಕೆಲವು ಮೇಲಕ್ಕೆ ಚಿಮ್ಮಿ ವರ್ಷಕ್ಕಿಂತ ಜಾಸ್ತಿ ಉಳಿದವು. ಊರ ಬಾವಿಯ ಹತ್ತಿರ ಗಾಜು ಒಡೆಯಬಾರದು.

ಗೊರೂರು ಹಿನ್ನೀರು

ನನ್ನದೂ ಒಂದು ಇರಲಿ. 24 ಅಂತ ಹೇಳುತ್ತಲೇ ಇದ್ದೀರಿ. ಶನಿಯಿಂದ ಬರುವಷ್ಟರಲ್ಲಿ 24ಕ್ಕೆ 24ರ ಮುಚ್ಚಳವೂ ತೆರೆಯುತ್ತದಾ? ನಮ್ಮನೆ ಔಷಧಿ ಹೊಡೆಯುವ ಪಂಪು ಆರು ತಿಂಗಳು ಇಟ್ಟರೆ ವಾಲ್ವ್ ಕಚ್ಚಿಕೊಳ್ಳುತ್ತದೆ.

ಸಾಲಗಾಮೆ ರೋಡು

ಇದಕ್ಕೆ ಸಾಕ್ಷಿ ನಮ್ಮ ಹಾಸನದಲ್ಲೇ ಇದೆ. ಸಾಲಗಾಮೆ ರಸ್ತೆಯ ಎಂ.ಸಿ.ಎಫ್. (ಉಪಗ್ರಹ ನಿಯಂತ್ರಣ ಕೇಂದ್ರ) ಗೊತ್ತಲ್ಲ, ದೊಡ್ಡ ದೊಡ್ಡ ಬಿಳಿ ಡಿಶ್‌ಗಳು. ಇಸ್ರೋ ಅದನ್ನು ಶುರು ಮಾಡಿದ್ದು 1982ರಲ್ಲಿ, ಇನ್ಸಾಟ್ ಉಪಗ್ರಹಗಳನ್ನು ನೋಡಿಕೊಳ್ಳಲು. ಮೊದಲನೆಯದು ಇನ್ಸಾಟ್-1ಎ, ಆ ವರ್ಷ ಏಪ್ರಿಲ್‌ನಲ್ಲಿ ಹಾರಿತು. ಅದರ ಸೌರ ಪಟ (ಬಿಸಿಲಿನ ಒತ್ತಡ ಸರಿದೂಗಿಸುವ ಹಾಯಿ) ಬಿಚ್ಚಿಕೊಳ್ಳಲೇ ಇಲ್ಲ. ಕೊನೆಗೆ ಇಂಧನವೂ ಮುಗಿದು ಸೆಪ್ಟೆಂಬರ್‌ನಲ್ಲಿ ಕೈಬಿಡಬೇಕಾಯಿತು. ಮುಂದಿನ ವರ್ಷ ಹೋದ ಇನ್ಸಾಟ್-1ಬಿಯಲ್ಲೂ ಸೌರ ಫಲಕ ಮೊದಲು ಕಚ್ಚಿಕೊಂಡಿತ್ತು, ಹೇಗೋ ಬಿಡಿಸಿದರು, ಆಮೇಲೆ ವರ್ಷಗಟ್ಟಲೆ ದುಡಿಯಿತು. ನಾಸಾದ ಗೆಲಿಲಿಯೊ ನೌಕೆಯ ದೊಡ್ಡ ಆಂಟೆನಾ 1991ರಲ್ಲಿ ಕೊಡೆ ಅರ್ಧ ಬಿಚ್ಚಿದ ಹಾಗೆ ನಿಂತುಬಿಟ್ಟಿತು. ಗುರುಗ್ರಹದ ಕೆಲಸವನ್ನೆಲ್ಲ ಸಣ್ಣ ಆಂಟೆನಾದಲ್ಲೇ ಮುಗಿಸಿದರು.

ಬಾಹ್ಯಾಕಾಶದಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಒಂದು ಮುಚ್ಚಳ ತೆಗೆಯುವುದು.

ಸಕಲೇಶಪುರದ ಮಳೆ

ಮೂರು ದಿನ ಕರೆಂಟ್ ಇರಲಿಲ್ಲ, ಕ್ಷಮಿಸಿ. ಮರ ಬಿದ್ದು ಲೈನ್ ಹರಿದಿತ್ತು. ಚಾರ್ಜ್ ಇದ್ದಷ್ಟು ಹೊತ್ತು ಬರೆದೆ. ಹೊಸ ಭಾಗ ಇಲ್ಲಿದೆ:

*ಪರದೆಯ ಮೇಲೆ ಹದಿನಾರು ಚುಕ್ಕಿ. ಅವಳು ಒಂದಕ್ಕೂ ಹೊಡೆಯಲಿಲ್ಲ. ಒಂದೊಂದನ್ನೂ ಲೇಸರಿನಲ್ಲಿ ಸ್ವಲ್ಪ ಕಾಯಿಸಿದಳು, ಕೈ ಕಟ್ಟಿ ಕೂತಳು. ಹತ್ತು ಚುಕ್ಕಿ ಬೇಗ ಮಂಕಾದವು. ಖಾಲಿ ಹಂಡೆ. ಉಳಿದ ಆರರಲ್ಲಿ ಎರಡರ ಮುಖ ಹಡಗಿನ ಕಡೆ ಇರಲಿಲ್ಲ. ಅವನ್ನು ನೋಡುತ್ತಿರಲು ಹುಡುಗನನ್ನು ಕೂರಿಸಿದಳು. ‘ಕಣ್ಣು ಮುಚ್ಚಬೇಡ’ ಅಂದಳು.*

*ನಾಲ್ಕಕ್ಕೆ ಎಂಟು ಬಿಟ್ಟಳು. ಹಡಗು ಎಂಟು ಸಲ ಮೆಲ್ಲಗೆ ಕೆಮ್ಮಿತು. ಐದೂವರೆ ನಿಮಿಷ. ಅಡುಗೆಯವನು ಎಲ್ಲರಿಗೂ ಕಾಫಿ ತಂದ. ಯಾರೂ ಕುಡಿಯಲಿಲ್ಲ. ದೂರದಲ್ಲಿ ಸದ್ದಿಲ್ಲದೆ ಮೂರು ಬೆಳಕು ಹೊತ್ತಿ ಆರಿದವು. ನಾಲ್ಕನೆಯದು ಹೊತ್ತಲಿಲ್ಲ. ಅವಳು ಮತ್ತೆ ಎರಡು ಬಿಟ್ಟಳು. ಎಪ್ಪತ್ತೇಳು ಸೆಕೆಂಡ್ ಯಾರೂ ಮಾತಾಡಲಿಲ್ಲ. ಹೊತ್ತಿತು.*

*ಲೋಟಗಳು ಇಟ್ಟಲ್ಲೇ ಇದ್ದವು. ಕಾಫಿ ಆರಿತ್ತು. ಪರದೆಯ ಮೂಲೆಯಲ್ಲಿ ಸಣ್ಣದಾಗಿ ‘13’ ಅಂತ ಇತ್ತು.*

ಮೂಡಿಗೆರೆ ಮೆಣಸು

ಲೋಟ ಉರುಳಿಸಲಿಲ್ಲ, ಭೇಷ್.

ಹಾಸನದ ಫಿಸಿಕ್ಸ್ ಮೇಷ್ಟ್ರು

ಇದಕ್ಕೆ ನನ್ನ ತಕರಾರಿಲ್ಲ. ಚೆನ್ನಾಗಿ ಬಂದಿದೆ.

ಕಳಸದ ಕಡೆಯವಳು

ಒಂದು ನಿಮಿಷ. 24ರಲ್ಲಿ ಎಂಟು ಹೋಯಿತು, 16. ಮತ್ತೆ ಎರಡು ಹೋಯಿತು, 14. ಪರದೆಯಲ್ಲಿ 13 ಹೇಗೆ ಬಂತು?

ಸಕಲೇಶಪುರದ ಮಳೆ

ಅಯ್ಯೋ. ಮೇಣದಬತ್ತಿಯಲ್ಲಿ ಬರೆದದ್ದು. ತಪ್ಪಾಗಿದೆ, ತಿದ್ದುತ್ತೇನೆ.

ಸಕಲೇಶಪುರದ ಮಳೆ

ಇಲ್ಲ, ತಿದ್ದಲ್ಲ. 13 ಹಾಗೇ ಇರಲಿ. ಒಂದರ ಮುಚ್ಚಳ ತೆರೆದಿಲ್ಲ. ಯಾವುದು ಅಂತ ಅವಳು ಈಗ ಹುಡುಕಬೇಕು.

ಗೊರೂರು ಹಿನ್ನೀರು

ವಾಲ್ವ್ ಕಚ್ಚಿಕೊಂಡಿದೆ. ನಾನು ಮೊದಲೇ ಹೇಳಿದ್ದೆ.